ಕತ್ತಿನ ಗಂಟಿಗೆ ಕತ್ತರಿಯೇ ಮದ್ದೆ?

ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯಂತೆ ರೆಕ್ಕೆ ಚಾಚಿ ಕುಳಿತಿರುವುದು ಥೈರಾಯಿಡ್ ಗ್ರಂಥಿ. ಬೇರಾವುದಕ್ಕೋ ಕತ್ತಿನ ಅಲ್ಟ್ರಾಸೌಂಡ್ ಮಾಡಿಸಿದಾಗ ಅದರಲ್ಲೊಂದು ಕಡಲೆಕಾಳಿನಷ್ಟು ಗಂಟು ಕಾಣುತ್ತದೆ. ಸೂಜಿ ಪರೀಕ್ಷೆಯ ವರದಿ ‘ಪ್ಯಾಪಿಲರಿ ಕ್ಯಾನ್ಸರ್’ ಎಂದರೆ ಮನೆಮಂದಿಯ ಜಂಘಾಬಲವೇ ಉಡುಗುತ್ತದೆ.

ಆದರೆ ಎಲ್ಲ ಕ್ಯಾನ್ಸರೂ ಒಂದೇ ತೆರನಲ್ಲ. ಒಂದು ಸೆಂಟಿಮೀಟರ್ ಮೀರದ, ಗ್ರಂಥಿಯಾಚೆ ಹರಡದ ಇಂಥ ಗಂಟಿನದು ಸಾಮಾನ್ಯವಾಗಿ ಆಮೆ ನಡಿಗೆ. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆ 1993ರಿಂದ ಇಂಥವರಲ್ಲಿ ಹಲವರಿಗೆ ಶಸ್ತ್ರಚಿಕಿತ್ಸೆ ಮಾಡದೆ ಕಾದು ನೋಡಿತು. 2014ರಲ್ಲಿ ಪ್ರಕಟವಾದ 1,235 ಮಂದಿಯ ವರದಿಯಂತೆ, ಹತ್ತು ವರ್ಷಗಳಲ್ಲಿ ಗಂಟು 3 ಮಿಲಿಮೀಟರ್‌ನಷ್ಟು ಬೆಳೆದದ್ದು ಶೇ. 8ರಷ್ಟು ಜನರಲ್ಲಿ. ಈ ಕ್ಯಾನ್ಸರಿನಿಂದ ಸತ್ತವರು ಯಾರೂ ಇಲ್ಲ.

ಶಸ್ತ್ರಚಿಕಿತ್ಸೆ ಗಂಟನ್ನು ತೆಗೆದುಹಾಕುತ್ತದೆ. ತೆಗೆದ ಭಾಗವನ್ನು ಕೂಲಂಕಷವಾಗಿ ಪರೀಕ್ಷಿಸಬಹುದು. ಆದರೆ ಕತ್ತಿನ ಮೇಲೆ ಕಲೆ ಉಳಿಯುತ್ತದೆ. ಧ್ವನಿಯ ನರಕ್ಕೆ ಪೆಟ್ಟು ಬೀಳುವ ಅಪಾಯವೂ ಉಂಟು. ಹಾಡುವವರಿಗೆ, ಪಾಠ ಹೇಳುವವರಿಗೆ ಧ್ವನಿಯೇ ಬದುಕಲ್ಲವೆ? ಪೂರ್ತಿ ಗ್ರಂಥಿ ಹೋದರಂತೂ ಜೀವಮಾನವಿಡೀ ಹಾರ್ಮೋನ್ ಗುಳಿಗೆ.

ಇನ್ನೊಂದು ದಾರಿ ‘ಅಬ್ಲೇಶನ್’. ಕತ್ತನ್ನಷ್ಟೇ ಮರಗಟ್ಟಿಸಿ, ಅಲ್ಟ್ರಾಸೌಂಡ್ ಪರದೆ ನೋಡುತ್ತ ಸೂಜಿ ತೂರಿಸಿ, ರೇಡಿಯೊ ತರಂಗದ ಶಾಖದಿಂದ ಗಂಟನ್ನು ಸುಡುತ್ತಾರೆ. ಹೊಲಿಗೆಯಿಲ್ಲ, ಗ್ರಂಥಿ ಉಳಿಯುತ್ತದೆ. ಆದರೆ ಪರೀಕ್ಷೆಗೆ ತುಣುಕು ಸಿಗದು. ಶಾಖ ನರಕ್ಕೂ ತಗುಲಬಹುದು. ವರ್ಷಗಟ್ಟಲೆ ತಪಾಸಣೆ ತಪ್ಪದು.

ಇದೆಲ್ಲ ವಯಸ್ಕರ ಮಾತು. ಮಕ್ಕಳಲ್ಲಿ ಈ ಕ್ಯಾನ್ಸರ್ ದುಗ್ಧಗ್ರಂಥಿಗಳಿಗೆ ಹರಡುವುದು ಹೆಚ್ಚಾದ್ದರಿಂದ ಶಸ್ತ್ರಚಿಕಿತ್ಸೆಯೇ ರೂಢಿ.

ಗಂಟು ಎಷ್ಟು ದೊಡ್ಡದು, ನರಕ್ಕೆ ಎಷ್ಟು ಹತ್ತಿರ, ಹರಡಿದೆಯೆ? ಈ ಮೂರನ್ನು ವೈದ್ಯರಲ್ಲಿ ಕೇಳಿಯೇ ಮುಂದಿನ ಹೆಜ್ಜೆ ಇಡಬೇಕು. ಕೇಳುವಷ್ಟು ಸಮಯವನ್ನು ಈ ಗಂಟು ಕೊಡುತ್ತದೆ.