ಕಲಿಕೆಯ ಉಗ್ರಾಣ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ವಾಡಿಕೆ ಬಹುಕಾಲ ನಡೆದುಬಂದಿತ್ತು. ಕಾಳನ್ನು ಒಳಗೆ ಸುರಿದು ಬಾಯಿ ಮುಚ್ಚಿದರೆ ಕೆಲಸ ಮುಗಿಯಿತೆಂದು ಹೊರಗಿನವರು ತಿಳಿಯಬಹುದು. ಆದರೆ ಮನೆಯ ಹಿರಿಯರಿಗೆ ನಿಜವಾದ ಕೆಲಸ ಅಲ್ಲಿಂದಲೇ ಮೊದಲಾಗುತ್ತಿತ್ತು. ಮಳೆಯ ನೀರು ಒಳಗಿಳಿಯದಂತೆ ಬಾಯಿಯ ಮಣ್ಣನ್ನು ನೋಡಿಕೊಳ್ಳಬೇಕು. ಯಾವ ಹಗೇವಿನ ಕಾಳು ಯಾವ ವರ್ಷದ್ದೆಂಬ ನೆನಪಿರಬೇಕು. ತೆಗೆಯುವ ದಿನ ಬಾಯಿ ತೆರೆದು, ಒಳಗೆ ನಿಂತ ಕೆಟ್ಟ ಗಾಳಿ ಹೊರಹೋಗುವ ತನಕ ಕಾಯಬೇಕು. ಈ ಎಚ್ಚರ ತಪ್ಪಿ ಒಮ್ಮೆಲೇ ಇಳಿದವರು ಪ್ರಾಣ ಕಳೆದುಕೊಂಡದ್ದೂ ಉಂಟು. ಕೂಡಿಡುವುದು ಒಂದು ಕೆಲಸ. ಕೂಡಿಟ್ಟದ್ದನ್ನು ಕೆಡದಂತೆ ಕಾಯುವುದು ಬೇರೆಯೇ ಕೆಲಸ.

ಇಂದು ಪಾಠಗಳನ್ನು ತುಂಬಿಡುವ ಉಗ್ರಾಣಗಳೂ ಹುಟ್ಟಿಕೊಂಡಿವೆ. ದೊಡ್ಡ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದವರಿಗೆ ಅಲ್ಲಿನ ಕೆಲಸದ ರೀತಿಯನ್ನು ತಿಳಿಸಬೇಕು. ಬೆಂಕಿ ಬಿದ್ದರೆ ಯಾವ ದಾರಿಯಲ್ಲಿ ಹೊರಬರಬೇಕೆಂದು ಹೇಳಿಕೊಡಬೇಕು. ಯಂತ್ರ ಬದಲಾದಾಗ, ಕಾನೂನು ಬದಲಾದಾಗ ಹಳಬರಿಗೂ ಮತ್ತೆ ಕಲಿಸಬೇಕು. ಹಿಂದೆ ಇದಕ್ಕಾಗಿ ಎಲ್ಲರನ್ನೂ ಒಂದು ಸಭಾಂಗಣದಲ್ಲಿ ಕೂಡಿಸಿ, ಕಪ್ಪುಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದರು. ಬೆಂಗಳೂರು, ಚೆನ್ನೈ, ನ್ಯೂಯಾರ್ಕ್‌ಗಳಲ್ಲಿ ಚದುರಿರುವ ಸಾವಿರಾರು ನೌಕರರನ್ನು ಹೀಗೆ ಕೂಡಿಸುವುದು ಆಗದ ಮಾತು. ಆದುದರಿಂದ ಬರಹ, ಚಿತ್ರ, ಧ್ವನಿ, ಪ್ರಶ್ನೆಗಳ ರೂಪದಲ್ಲಿ ಪಾಠಗಳನ್ನು ಸಿದ್ಧಪಡಿಸಿ ಕಂಪ್ಯೂಟರಿನಲ್ಲಿ ಇರಿಸುತ್ತಾರೆ. ನೌಕರನು ತನ್ನ ಬಿಡುವಿನಲ್ಲಿ ಅವುಗಳನ್ನು ತೆರೆದು ಓದಿ, ಕೊನೆಯಲ್ಲಿ ಪರೀಕ್ಷೆಗೆ ಉತ್ತರಿಸುತ್ತಾನೆ. ಯಾರು ಯಾವ ಪಾಠವನ್ನು ಎಂದು ಮುಗಿಸಿದರು, ಎಷ್ಟು ಅಂಕ ಬಂತು ಎಂಬುದೆಲ್ಲ ಅಲ್ಲಿಯೇ ದಾಖಲಾಗುತ್ತದೆ.

ಯಂತ್ರದ ಮೂಲಕ ಕಲಿಸುವ ಪ್ರಯತ್ನ ಹೊಸದೇನೂ ಅಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿಯೇ ಪ್ಲೇಟೋ ಎಂಬ ಹೆಸರಿನ ಇಂತಹ ವ್ಯವಸ್ಥೆ ಆರಂಭವಾಗಿತ್ತು. 2002ರಲ್ಲಿ ಆಸ್ಟ್ರೇಲಿಯದಿಂದ ಹೊರಬಂದ ಮೂಡಲ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾಗಿದ್ದುದರಿಂದ ಅದು ಅನೇಕ ದೇಶಗಳಿಗೆ ಹರಡಿತು. ಭಾರತದ ಶಾಲೆಗಳಿಗೆಂದು 2017ರ ಸೆಪ್ಟೆಂಬರ್ 5ರಂದು ದೀಕ್ಷಾ ಎಂಬ ವೇದಿಕೆ ಪ್ರಾರಂಭವಾಯಿತು. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾಗಿರುವ ಕಪ್ಪು ಬಿಳುಪಿನ ಚೌಕವನ್ನು ಫೋನಿಗೆ ತೋರಿಸಿದರೆ ತೆರೆದುಕೊಳ್ಳುವ ಪಾಠ ಬರುವುದು ಇಂತಹ ಉಗ್ರಾಣದಿಂದಲೇ.

ಈ ಉಗ್ರಾಣವನ್ನು ನೋಡಿಕೊಳ್ಳುವವರನ್ನು ನಿರ್ವಾಹಕರೆಂದು ಕರೆಯುತ್ತಾರೆ. ಪಾಠ ಬರೆದವರ ಹೆಸರು ಪಾಠದ ಮೇಲಿರುತ್ತದೆ. ನಿರ್ವಾಹಕರ ಹೆಸರು ಎಲ್ಲಿಯೂ ಇರುವುದಿಲ್ಲ. ಅವರ ಕೆಲಸ ಚೆನ್ನಾಗಿ ನಡೆದಾಗ ಯಾರಿಗೂ ಅದು ಗೊತ್ತಾಗುವುದಿಲ್ಲ.

ಅವರ ಮೊದಲ ಕೆಲಸ ಹಾಜರಿ ಪುಸ್ತಕದಂತಹ ಖಾತೆಗಳನ್ನು ಶುದ್ಧವಾಗಿಡುವುದು. ಕೆಲಸಕ್ಕೆ ಸೇರಿದವರಿಗೆ ಖಾತೆ ತೆರೆಯಬೇಕು, ವರ್ಗವಾದವರನ್ನು ಹೊಸ ವಿಭಾಗಕ್ಕೆ ಸೇರಿಸಬೇಕು, ಬಿಟ್ಟುಹೋದವರ ಖಾತೆಯನ್ನು ಅದೇ ದಿನ ಮುಚ್ಚಬೇಕು. ಇದು ಸುಲಭವೆಂದು ತೋರಿದರೂ ತೊಡಕುಗಳು ಅನೇಕ. ಶ್ರೀನಿವಾಸ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ಬಗೆಯಾಗಿ ಬರೆಯುವುದುಂಟು. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರ ಒಮ್ಮೆ ಮುಂದೆ ಬಂದರೆ ಮತ್ತೊಮ್ಮೆ ಹಿಂದೆ ಬರುತ್ತದೆ. ಹೀಗೆ ಒಬ್ಬನೇ ನೌಕರನಿಗೆ ಎರಡು ಖಾತೆಗಳಾಗಿ, ಒಂದರಲ್ಲಿ ಪಾಠ ಮುಗಿದಿರುತ್ತದೆ, ಇನ್ನೊಂದರಲ್ಲಿ ಬಾಕಿ ಉಳಿದಿರುತ್ತದೆ. ಓದಿ ಮುಗಿಸಿದವನಿಗೇ ಮೇಲಿಂದ ಮೇಲೆ ಎಚ್ಚರಿಕೆಯ ಪತ್ರಗಳು ಬರುತ್ತವೆ. ಅದಕ್ಕಾಗಿಯೇ ಬಲ್ಲವರು ಹೆಸರನ್ನು ನಂಬದೆ ನೌಕರನ ಸಂಖ್ಯೆಯನ್ನೇ ಗುರುತಾಗಿ ಹಿಡಿಯುತ್ತಾರೆ.

ಖಾತೆಯನ್ನು ಮುಚ್ಚುವುದು ಬೇರೆ, ಅಳಿಸಿಹಾಕುವುದು ಬೇರೆ. ಕಾರ್ಖಾನೆಯೊಂದರಲ್ಲಿ ಯಂತ್ರಕ್ಕೆ ಸಿಕ್ಕಿ ಕಾರ್ಮಿಕನೊಬ್ಬನ ಕೈಗೆ ಪೆಟ್ಟಾಯಿತೆಂದು ಭಾವಿಸೋಣ. ಆ ಯಂತ್ರವನ್ನು ನಡೆಸುವ ಕ್ರಮವನ್ನು ಅವನಿಗೆ ಕಲಿಸಲಾಗಿತ್ತೇ ಎಂಬ ಪ್ರಶ್ನೆ ವಿಚಾರಣೆಯಲ್ಲಿ ಬಂದೇ ಬರುತ್ತದೆ. ಅಷ್ಟರಲ್ಲಿ ಅವನು ಕೆಲಸ ಬಿಟ್ಟಿದ್ದು, ಅವನ ಖಾತೆಯೂ ಅದರೊಡನೆ ಕಲಿಕೆಯ ದಾಖಲೆಯೂ ಅಳಿದುಹೋಗಿದ್ದರೆ ಸತ್ಯವನ್ನು ಹೇಳಲು ಏನೂ ಉಳಿಯುವುದಿಲ್ಲ. ಕಲಿಸದೆ ಕೆಲಸಕ್ಕೆ ಹಚ್ಚಿದ ಮಾಲೀಕನು ತಪ್ಪಿಸಿಕೊಳ್ಳಬಹುದು. ಸರಿಯಾಗಿ ಕಲಿಸಿದವನ ಮೇಲೆ ಸುಳ್ಳು ದೋಷ ಬರಲೂಬಹುದು. ಜಾಗ ತೆರವು ಮಾಡುವ ಉತ್ಸಾಹದಲ್ಲಿ ಹಳೆಯ ದಾಖಲೆಗಳನ್ನು ಗುಡಿಸಿಹಾಕುವ ನಿರ್ವಾಹಕರು ಇದನ್ನು ಮರೆಯುತ್ತಾರೆ.

ಪಾಠಗಳ ವಿಷಯ ಇದಕ್ಕಿಂತಲೂ ಸೂಕ್ಷ್ಮವಾದುದು. ಕಾಳು ಹುಳುಹಿಡಿದರೆ ಕಣ್ಣಿಗೆ ಕಾಣುತ್ತದೆ. ಪಾಠ ಹಳತಾದರೆ ಕಾಣುವುದಿಲ್ಲ. ಮೊದಲ ದಿನದಷ್ಟೇ ಅಂದವಾಗಿ ತೆರೆದುಕೊಂಡು, ಅಷ್ಟೇ ಧೈರ್ಯದಿಂದ ತಪ್ಪನ್ನು ಹೇಳುತ್ತದೆ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿತು. ವಂಚನೆಗೆ ಪರ್ಯಾಯ ಪದವೇ ಆಗಿಹೋಗಿದ್ದ 420ನೆಯ ಕಲಮಿನ ವಿಷಯ ಈಗ 318ನೆಯ ಕಲಮಿನಲ್ಲಿದೆ. ಹಳೆಯ ಸಂಹಿತೆಯ ಕಲಮುಗಳನ್ನು ಹೇಳುವ ಪ್ರತಿಯೊಂದು ಪಾಠವೂ ಅಂದು ಒಂದೇ ರಾತ್ರಿಯಲ್ಲಿ ಹಳತಾಯಿತು.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳವನ್ನು ತಡೆಯಲು 2013ರಲ್ಲಿ ಆದ ಕಾನೂನನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ದೂರು ಕೇಳಲು ಒಂದು ಆಂತರಿಕ ಸಮಿತಿ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರನ್ನು ಬರೆದು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳ ಕಾಲಾವಕಾಶ ನೀಡಬಹುದು. ಸಮಿತಿಯ ಸದಸ್ಯರ ಅವಧಿ ಮೂರು ವರ್ಷಗಳನ್ನು ಮೀರುವಂತಿಲ್ಲ. ನೌಕರರಿಗೆ ತಿಳಿವಳಿಕೆ ನೀಡುವುದು ಮಾಲೀಕರ ಕರ್ತವ್ಯವಾದುದರಿಂದ ಅನೇಕ ಕಂಪನಿಗಳು ಈ ಕಾನೂನಿನ ಬಗ್ಗೆ ಪಾಠ ಮಾಡಿಸಿ, ಅದರ ಕೊನೆಯ ಪುಟದಲ್ಲಿ ಸದಸ್ಯರ ಹೆಸರು, ವಿಳಾಸಗಳನ್ನು ಹಾಕಿರುತ್ತವೆ. ಮೂರು ವರ್ಷಗಳಾದರೂ ಆ ಪುಟವನ್ನು ಯಾರೂ ತಿದ್ದದಿದ್ದರೆ ಏನಾದೀತು? ನೊಂದ ಹೆಣ್ಣುಮಗಳೊಬ್ಬಳು ಬಹಳ ಯೋಚಿಸಿ, ಹೇಗೋ ಧೈರ್ಯ ತಂದುಕೊಂಡು ಬರೆದ ದೂರು ಕೆಲಸ ಬಿಟ್ಟುಹೋದ ಯಾರದೋ ಹೆಸರಿಗೆ ಹೋಗಿ ಸೇರುತ್ತದೆ. ಉತ್ತರಕ್ಕಾಗಿ ಅವಳು ಕಾಯುತ್ತಾಳೆ; ಮೂರು ತಿಂಗಳು ಕಳೆಯುತ್ತ ಬರುತ್ತದೆ. ಇದರಲ್ಲಿ ಯಾರ ಕೆಟ್ಟ ಬುದ್ಧಿಯೂ ಇಲ್ಲ. ಒಂದು ಪುಟವನ್ನು ಒಬ್ಬರು ನೋಡಲಿಲ್ಲ, ಅಷ್ಟೆ.

ಇದಕ್ಕೆ ಪರಿಹಾರ ಕಷ್ಟವಾದುದಲ್ಲ. ಪ್ರತಿ ಪಾಠಕ್ಕೂ ಹೊಣೆಗಾರರೊಬ್ಬರ ಹೆಸರನ್ನೂ ಮತ್ತೆ ಪರಿಶೀಲಿಸಬೇಕಾದ ದಿನಾಂಕವನ್ನೂ ಬರೆದಿಡಬೇಕು. ಆ ದಿನ ಬಂದಾಗ ಹೊಣೆಗಾರರು ಓದಿ ನೋಡಿ, ಸರಿಯಿದ್ದರೆ ಮುಂದಿನ ದಿನಾಂಕ ಹಾಕಬೇಕು, ತಪ್ಪಿದ್ದರೆ ತಿದ್ದಬೇಕು, ಬೇಡವಾಗಿದ್ದರೆ ಪಾಠವನ್ನು ಕಲಿಯುವವರ ಕಣ್ಣಿನಿಂದ ಮರೆಮಾಡಿ ಹಳೆಯ ಕಡತಗಳ ಸಾಲಿಗೆ ಸೇರಿಸಬೇಕು. ಹೊಣೆಗಾರರೇ ಕೆಲಸ ಬಿಟ್ಟರೆ ಅವರ ಪಾಠಗಳನ್ನು ಬೇರೊಬ್ಬರಿಗೆ ವಹಿಸಬೇಕು. ಅನಾಥವಾದ ಪಾಠಗಳೇ ಮೊದಲು ಕೆಡುವುದು. ಎಲ್ಲವನ್ನೂ ಇಟ್ಟುಕೊಂಡಿರೋಣ ಎನ್ನುವವರು ತಮ್ಮನ್ನು ಜಾಗರೂಕರೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಸೋಮಾರಿತನದ ಇನ್ನೊಂದು ರೂಪ. ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಕ್ಕೆ ಹೋಲಿಸುತ್ತದೆ. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ತರಬೇತಿಯ ಕೇಂದ್ರವೊಂದನ್ನು ಕಟ್ಟಿದವರೂ ಅವರೇ. ಬೆಳೆಯುವ ಗಿಡ ಹಣ್ಣೆಲೆಯನ್ನು ಉದುರಿಸುತ್ತಲೂ ಇರಬೇಕಲ್ಲವೆ?

ತಿದ್ದುವಾಗಲೂ ಒಂದು ನಾಜೂಕು ಉಂಟು. ಪಾಠಗಳನ್ನು ಸಾಮಾನ್ಯವಾಗಿ ಸ್ಕಾರ್ಮ್ ಎಂಬ ಒಪ್ಪಿತ ಕ್ರಮದಲ್ಲಿ ಒಂದು ಗಂಟಿನಂತೆ ಕಟ್ಟಿರುತ್ತಾರೆ. ಓದುವವನು ಎಲ್ಲಿಗೆ ನಿಲ್ಲಿಸಿದನೆಂಬ ಗುರುತು ಆ ಕ್ರಮದಿಂದಲೇ ಉಳಿಯುತ್ತದೆ. ಅರ್ಧ ಓದಿದವರು ಇರುವಾಗಲೇ ಗಂಟನ್ನು ಬದಲಿಸಿದರೆ, ಹಳೆಯ ಗುರುತು ಹೊಸ ಪಾಠಕ್ಕೆ ಹೊಂದದೆ ಅವರು ಮೊದಲಿನಿಂದ ಓದಬೇಕಾಗಿ ಬರಬಹುದು. ಬದಲಾವಣೆ ಸಣ್ಣದಾಗಿದ್ದರೆ ಆರಂಭಿಸಿದವರು ಹಳೆಯದನ್ನೇ ಮುಗಿಸಲೆಂದು ಬಿಟ್ಟು, ಹೊಸಬರಿಗೆ ಮಾತ್ರ ಹೊಸದನ್ನು ತೋರಿಸುವುದು ಸೌಜನ್ಯ.

ವಿಷಯ ಸರಿಯಾಗಿದ್ದರೂ ಅದನ್ನು ಹೊತ್ತ ಪಾತ್ರೆ ಒಡೆಯಬಹುದು. ಫ್ಲ್ಯಾಶ್ ಎಂಬ ತಂತ್ರಾಂಶ 1996ರಲ್ಲಿ ಬಂದಮೇಲೆ, ಚಲಿಸುವ ಚಿತ್ರಗಳ ಪಾಠಗಳನ್ನು ಬಹುಮಟ್ಟಿಗೆ ಅದರಲ್ಲಿಯೇ ರಚಿಸಲಾಗುತ್ತಿತ್ತು. ಅದನ್ನು ನಿಲ್ಲಿಸುವುದಾಗಿ ಅಡೋಬಿ ಕಂಪನಿ 2017ರ ಜುಲೈನಲ್ಲಿ ಪ್ರಕಟಿಸಿತು. 2020ರ ಡಿಸೆಂಬರ್ 31ಕ್ಕೆ ಅದರ ಪೋಷಣೆ ಮುಗಿಯಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪಾಠಗಳು ತೆರೆದುಕೊಳ್ಳದಂತಾದವು. ಎಚ್ಚರಿಕೆಗೂ ಕೊನೆಗೂ ನಡುವೆ ಮೂರು ವರ್ಷಗಳಿಗಿಂತ ಹೆಚ್ಚು ಅವಧಿ ಇತ್ತು. ಯಾವ ಪಾಠ ಯಾವುದರಲ್ಲಿ ರಚಿತವಾಗಿದೆಯೆಂಬ ಪಟ್ಟಿಯನ್ನೂ ಪಾಠದ ಮೂಲಪ್ರತಿಯನ್ನೂ ಇಟ್ಟುಕೊಂಡಿದ್ದವರಿಗೆ ಅವುಗಳನ್ನು ಹೊಸ ರೂಪಕ್ಕೆ ತರಲು ಅದು ಸಾಕಾಗಿತ್ತು. ಮೂಲಪ್ರತಿ ಕಳೆದುಕೊಂಡವರು ಆ ಪಾಠಗಳನ್ನು ಮೊದಲಿನಿಂದ ರಚಿಸಬೇಕಾಯಿತು, ಇಲ್ಲವೆ ಬಿಡಬೇಕಾಯಿತು. ತಾಳೆಗರಿ ಶಿಥಿಲವಾಗುವ ಮೊದಲೇ ಹೊಸ ಗರಿಗೆ ಪ್ರತಿಮಾಡುತ್ತಿದ್ದ ಲಿಪಿಕಾರರಿಗೆ ಈ ಕಥೆ ಹೊಸದೆನಿಸುತ್ತಿರಲಿಲ್ಲ.

ಪ್ರತಿಯ ಮಾತು ಬಂದುದರಿಂದ ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಸಂಗತಿಯನ್ನು ಹೇಳಬೇಕು. ಅದು ಪಾಠಗಳ ಉಗ್ರಾಣವಲ್ಲ, ತಂತ್ರಾಂಶ ಬರೆಯುವವರ ಕೆಲಸವನ್ನು ಕಾಯ್ದಿಡುವ ತಾಣ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರು ಎರಡನೆಯ ಯಂತ್ರದಲ್ಲಿ ಅಳಿಸಬೇಕಾದುದನ್ನು ತಪ್ಪಿ ಮೊದಲನೆಯದರಲ್ಲಿ ಅಳಿಸಿಬಿಟ್ಟರು. ತಕ್ಷಣವೇ ತಡೆದರೂ ಸುಮಾರು 300 ಗಿಗಾಬೈಟುಗಳಷ್ಟು ಮಾಹಿತಿ ಹೋಗಿಯಾಗಿತ್ತು. ಪ್ರತಿಗಳಿವೆಯಲ್ಲ ಎಂದು ಹುಡುಕಿದಾಗ ನಿಜವಾದ ಆಪತ್ತು ತಿಳಿಯಿತು. ದಿನವೂ ಪ್ರತಿ ತೆಗೆಯಬೇಕಾಗಿದ್ದ ಕ್ರಮ ಬಹಳ ದಿನಗಳಿಂದ ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ತಿಳಿಸುವ ಪತ್ರಗಳೂ ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಬೇರೊಂದು ಪ್ರಯೋಗಕ್ಕಾಗಿ ಸುಮಾರು ಆರು ಗಂಟೆಗಳ ಮುಂಚೆ ಅದೇ ಎಂಜಿನಿಯರು ಕೈಯಿಂದ ತೆಗೆದಿದ್ದ ಪ್ರತಿಯೊಂದು ಇದ್ದುದರಿಂದ ಸಂಸ್ಥೆ ಉಳಿಯಿತು. ಆ ಆರು ಗಂಟೆಗಳ ದಾಖಲೆಗಳು ಮಾತ್ರ ಮರಳಲಿಲ್ಲ. ನಡೆದುದನ್ನೆಲ್ಲ ಮುಚ್ಚಿಡದೆ ಲೋಕಕ್ಕೆ ಬರೆದು ತಿಳಿಸಿದುದು ಆ ಸಂಸ್ಥೆಯ ದೊಡ್ಡತನ.

ಉಳಿದ ಕೆಲಸಗಳು ಕಸಗುಡಿಸಿದಂತೆ ಚಿಕ್ಕವು. ಪಾಠದೊಳಗಿನ ಕೊಂಡಿಗಳು ತೆರೆಯುತ್ತವೆಯೇ, ಕಲಿಯುವವರು ಹುಡುಕುವ ಪದಕ್ಕೆ ಪಾಠ ಸಿಗುತ್ತದೆಯೇ, ನಿರ್ವಾಹಕರ ಅಧಿಕಾರ ಅಗತ್ಯಕ್ಕಿಂತ ಹೆಚ್ಚು ಜನರ ಕೈಯಲ್ಲಿದೆಯೇ ಎಂದು ನೋಡುತ್ತಿರಬೇಕು. ನಿರ್ವಾಹಕರಿಗೆ ಎಲ್ಲ ಬಾಗಿಲುಗಳೂ ತೆರೆದಿರುವುದರಿಂದ, ಸಾಮಾನ್ಯ ನೌಕರನಿಗೆ ಯಾವುದು ಮುಚ್ಚಿದೆಯೆಂಬುದು ಅವರಿಗೆ ತಿಳಿಯದು. ಅದಕ್ಕಾಗಿ ಸಾಮಾನ್ಯ ಖಾತೆಯೊಂದನ್ನು ಇಟ್ಟುಕೊಂಡು ಆಗಾಗ ಅದರ ಮೂಲಕ ಒಳಹೊಕ್ಕು ನೋಡುವುದು ಒಳ್ಳೆಯ ರೂಢಿ. ದುರಸ್ತಿಗೆ ರಾತ್ರಿಯೇ ಒಳ್ಳೆಯ ಹೊತ್ತೆಂದು ತೋರುತ್ತದೆ. ಆದರೆ ಬೆಂಗಳೂರಿನಲ್ಲಿ ನಡುರಾತ್ರಿಯಾದಾಗ ನ್ಯೂಯಾರ್ಕಿನಲ್ಲಿ ಚಳಿಗಾಲದ ಮಧ್ಯಾಹ್ನ ಒಂದೂವರೆ ಗಂಟೆ. ಅಲ್ಲಿ ಯಾರೋ ಪರೀಕ್ಷೆಯ ಕೊನೆಯ ಪ್ರಶ್ನೆಗೆ ಉತ್ತರ ಬರೆಯುತ್ತಿರಬಹುದು. ಹಾಗಾಗಿ ದಿನ, ಗಂಟೆಗಳನ್ನು ಮೊದಲೇ ಎಲ್ಲರಿಗೂ ತಿಳಿಸಿಯೇ ಉಗ್ರಾಣದ ಬಾಗಿಲು ಹಾಕಬೇಕು.

ತಿಂಗಳಿಗೊಮ್ಮೆ ಮಾಡುವ ಕೆಲಸವೊಂದಿದೆ. ಕಾಯ್ದಿಟ್ಟ ಪ್ರತಿಗಳಿಂದ ಯಾವುದಾದರೂ ಒಂದು ಪಾಠವನ್ನು ಹೊರತೆಗೆದು, ಬೇರೆ ಯಂತ್ರದಲ್ಲಿ ತೆರೆದು, ಮೊದಲ ಪುಟದಿಂದ ಕೊನೆಯ ಪ್ರಶ್ನೆಯವರೆಗೆ ನಡೆಸಿ ನೋಡುತ್ತಾರೆ. ಚಿತ್ರ ಕಾಣಿಸಿತು, ಧ್ವನಿ ಕೇಳಿಸಿತು, ಅಂಕ ದಾಖಲಾಯಿತು. ನಿರ್ವಾಹಕರು ದಿನಾಂಕವನ್ನು ಬರೆದು, ಕೆಳಗೆ ಸಹಿ ಹಾಕಿ, ಆ ಪ್ರತಿಯನ್ನು ಮತ್ತೆ ಅದರ ಜಾಗದಲ್ಲಿ ಇರಿಸುತ್ತಾರೆ.