ನೀರು ತಾಯಿಗೆ, ಹಾಲು ಮಗುವಿಗೆ

ಹಸು ಕರು ಹಾಕಿದರೆ ಏನು ಮಾಡಬೇಕೆಂಬುದನ್ನು ನಮ್ಮ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರುವಿಗೆ ಒಂದು ಗಂಟೆಯೊಳಗೆ ಗಿಣ್ಣು ಹಾಲು, ಹಸುವಿನ ಮುಂದೆ ಬೇಕಾದಷ್ಟು ನೀರು. ಆದರೆ ಅದೇ ಮನೆಯಲ್ಲಿ ಬಾಣಂತಿ ಮತ್ತು ಹಸುಗೂಸು ಇದ್ದರೆ ಎಷ್ಟೋ ಕಡೆ ಈ ಕ್ರಮ ತಿರುಗುಮುರುಗಾಗುತ್ತದೆ. ಶೀತವಾದೀತೆಂದು ಬಾಣಂತಿಗೆ ನೀರು ಕಡಿಮೆ ಮಾಡುತ್ತಾರೆ. ಬಾಯಿ ಒಣಗೀತೆಂದು ಕೂಸಿಗೆ ಒಳಲೆಯಲ್ಲಿ ನೀರು ಹಾಕುತ್ತಾರೆ. ಎರಡನ್ನೂ ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಎರಡರಿಂದಲೂ ಹಾನಿಯಿದೆ.

ಮಗುವಿಗೆ ನೀರು ಯಾವಾಗಿನಿಂದ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ ಸಾಕು, ಒಂದು ಚಮಚ ನೀರೂ ಬೇಡ. ಆರು ತಿಂಗಳು ತುಂಬಿ ಮೆದು ಆಹಾರ ಆರಂಭಿಸಿದ ಮೇಲೆ, ಆಹಾರದ ಜೊತೆಗೆ ಗುಟುಕು ಗುಟುಕಾಗಿ ನೀರು ಕೊಡಬಹುದು. ನಿಮ್ಮ ದೊಡ್ಡ ಮಕ್ಕಳ ಕಾಲದಲ್ಲಿ ನಾಲ್ಕು ತಿಂಗಳಿಗೇ ಬೇರೆ ಆಹಾರ ಕೊಡಬಹುದೆಂದು ವೈದ್ಯರು ಹೇಳಿರಬಹುದು. ಆಗ ಇದ್ದ ಸಲಹೆ ನಾಲ್ಕರಿಂದ ಆರು ತಿಂಗಳು ಎಂದೇ ಇತ್ತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಪೂರ್ತಿ ಆರು ತಿಂಗಳು ಎಂದು ನಿಗದಿಪಡಿಸಿತು. ನಮ್ಮ ದೇಶದಲ್ಲಿಯೂ ಈಗ ಇದೇ ಸಲಹೆ ಜಾರಿಯಲ್ಲಿದೆ.

ಹಾಲಿನಲ್ಲಿಯೇ ನೀರಿದೆ

ಸಂಘದಲ್ಲಿ ಹಾಲು ಪರೀಕ್ಷಿಸುವಾಗ ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನೋಡುತ್ತಾರೆ. ಜಿಡ್ಡು 3.5, ಜಿಡ್ಡೇತರ ಘನಾಂಶ 8.5 ಬಂದರೆ ಎರಡೂ ಸೇರಿ 12 ಆಯಿತು. ಅಂದರೆ 100 ಭಾಗ ಹಾಲಿನಲ್ಲಿ ಉಳಿದ 88 ಭಾಗ ನೀರೇ. ತಾಯಿಯ ಹಾಲಿನಲ್ಲಿಯೂ ನೀರಿನ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ ಇದೆ. ಹಾಲು ಕರೆಯುವಾಗ ಮೊದಲ ಧಾರೆಗಳು ತೆಳುವಾಗಿಯೂ ಕೊನೆಯ ಧಾರೆಗಳು ಜಿಡ್ಡಾಗಿಯೂ ಇರುವುದನ್ನು ನೀವು ಬಲ್ಲಿರಿ. ತಾಯಿಯ ಹಾಲೂ ಹಾಗೆಯೇ. ಮೊದಲು ಬರುವ ತೆಳು ಹಾಲು ಮಗುವಿನ ಬಾಯಾರಿಕೆ ತಣಿಸುತ್ತದೆ, ನಂತರ ಬರುವ ಗಟ್ಟಿ ಹಾಲು ಹಸಿವು ನೀಗಿಸುತ್ತದೆ.

ಬೇಸಿಗೆಯಲ್ಲಾದರೂ ನೀರು ಬೇಡವೇ ಎಂದು ಕೇಳಬಹುದು. ಬಿಸಿಲಿನ ತಾಪ ಹೆಚ್ಚಿರುವ ಭಾರತದ ಒಣ ಪ್ರದೇಶದಲ್ಲಿ ತಾಯಿಯ ಹಾಲನ್ನಷ್ಟೇ ಕುಡಿಯುವ ಶಿಶುಗಳ ಮೂತ್ರವನ್ನು ಪರೀಕ್ಷಿಸಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಅಂಥ ಬಿಸಿಲಿನಲ್ಲೂ ಶಿಶುಗಳಿಗೆ ಬೇರೆ ನೀರಿನ ಅಗತ್ಯವಿಲ್ಲವೆಂದು ಅದರಿಂದ ತಿಳಿದುಬಂದಿತು. ಸೆಕೆ ಹೆಚ್ಚಿದ್ದಾಗ ಮಗುವಿಗೆ ಇನ್ನೊಂದೆರಡು ಬಾರಿ ಹೆಚ್ಚು ಹಾಲೂಡಿಸಿದರೆ ಸಾಕು. ಎಣ್ಣೆ ಸ್ನಾನವಾದ ಮೇಲೆ ಅಥವಾ ಬಿಕ್ಕಳಿಕೆ ಬಂದಾಗಲೂ ಮಗುವನ್ನು ಎದೆಗೆ ಹಾಕಿಕೊಳ್ಳಿ, ನೀರು ಬೇಡ.

ನೀರು ಕೊಟ್ಟರೆ ಆಗುವ ಹಾನಿ

ಮೊದಲನೆಯದಾಗಿ, ಹಸುಗೂಸಿನ ಹೊಟ್ಟೆ ಬಹಳ ಚಿಕ್ಕದು. ನೀರು ತುಂಬಿದಷ್ಟೂ ಹಾಲಿಗೆ ಜಾಗ ಕಡಿಮೆ. ಹಾಲಿಗೆ ನೀರು ಸೇರಿಸಿದರೆ ಸಂಘದ ಲ್ಯಾಕ್ಟೋಮೀಟರ್ ಕೂಡಲೇ ತೋರಿಸುತ್ತದೆ. ಮಗುವಿನ ಹೊಟ್ಟೆಯಲ್ಲಿ ಬೆರೆತ ನೀರನ್ನು ತೋರಿಸುವುದು ತೂಕದ ತಕ್ಕಡಿ, ಅದೂ ತಡವಾಗಿ. ಮಗು ಹಾಲು ಕುಡಿಯುವುದು ಕಡಿಮೆಯಾದರೆ ತಾಯಿಯಲ್ಲಿ ಹಾಲು ಊರುವುದೂ ಕಡಿಮೆಯಾಗುತ್ತದೆ.

ಎರಡನೆಯದಾಗಿ, ನೀರು, ಲೋಟ, ಬಾಟಲಿ, ಕೈ ಇವುಗಳ ಮೂಲಕ ರೋಗಾಣುಗಳು ಹೊಟ್ಟೆ ಸೇರಿ ಭೇದಿಯಾಗುತ್ತದೆ. ಸಕ್ಕರೆ ನೀರು, ಗ್ರೈಪ್ ವಾಟರ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ನೆಕ್ಕಿಸಲೂಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಶಿಶುಗಳ ನರಗಳಿಗೆ ಅಪಾಯಕಾರಿ.

ಮೂರನೆಯದಾಗಿ, ಎಳೆಗೂಸಿನ ಮೂತ್ರಪಿಂಡಗಳು ಹೆಚ್ಚಿನ ನೀರನ್ನು ಬೇಗ ಹೊರಹಾಕಲಾರವು. ನೀರು ಹೆಚ್ಚಾದರೆ ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶ, ತಗ್ಗಿ ಮಗು ಮಂಕಾಗುತ್ತದೆ, ಫಿಟ್ಸ್ ಕೂಡ ಬರಬಹುದು.

ಬಾಣಂತಿಗೆ ನೀರು ಬೇಕು

ಕರೆಯುವ ಹಸುವಿಗೆ ಪ್ರತಿ ಲೀಟರ್ ಹಾಲಿಗೆ ಮೂರು ನಾಲ್ಕು ಲೀಟರ್ ನೀರು ಬೇಕು. ಒಂದು ದಿನ ನೀರು ತಪ್ಪಿದರೆ ಹಾಲು ತಗ್ಗುತ್ತದೆ. ಬಾಣಂತಿಯೂ ದೇಹದಲ್ಲಿನ ನೀರಿನಿಂದಲೇ ಹಾಲು ಕೊಡುತ್ತಾಳೆ. ಅಳತೆ ಮೀರಿ ನೀರು ಕುಡಿದ ಮಾತ್ರಕ್ಕೆ ಅವಳ ಹಾಲು ಹೆಚ್ಚಾಗುವುದಿಲ್ಲ, ನಿಜ. ಆದರೆ ಬಾಯಾರಿಕೆ ತಡೆದುಕೊಂಡರೆ ನಿಶ್ಶಕ್ತಿ, ಮಲಬದ್ಧತೆ, ಉರಿಮೂತ್ರ ಕಾಡುತ್ತವೆ. ಅವಳು ಹಾಲೂಡಿಸಲು ಕುಳಿತಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು ನೀರಿಡಿ. ಹೊಟ್ಟೆ ತುಂಬ ಊಟ ಕೊಡಿ, ಸಂಘಕ್ಕೆ ಹಾಕುವ ಹಾಲಿನಲ್ಲಿ ಒಂದು ಲೋಟ ಅವಳಿಗೂ ಉಳಿಸಿ.

ತಾಯಿ ಹುಲ್ಲು ತರಲು ಅಥವಾ ಹೊಲದ ಕೆಲಸಕ್ಕೆ ಹೋಗಬೇಕಾದ ಮನೆಗಳಲ್ಲಿ ಮಗು ಅತ್ತಾಗ ಅಜ್ಜಿ ನೀರು ಕುಡಿಸಿ ಸಮಾಧಾನ ಮಾಡುವುದುಂಟು. ಇದಕ್ಕೆ ದಾರಿಯಿದೆ. ತಾಯಿ ಕೈ ತೊಳೆದುಕೊಂಡು, ಕುದಿಸಿ ಆರಿಸಿದ ಬಟ್ಟಲಿಗೆ ತನ್ನ ಹಾಲನ್ನು ಹಿಂಡಿ, ಮುಚ್ಚಿ ತಂಪಾದ ಕಡೆ ಇಟ್ಟು ಹೋಗಬಹುದು. ನಾಲ್ಕು ಗಂಟೆಯೊಳಗೆ ಅದನ್ನು ಒಳಲೆ ಅಥವಾ ಚಮಚದಲ್ಲಿ ಕುಡಿಸಿ. ಬಾಟಲಿ ಬೇಡ.

ಹಸುವಿನ ಹಾಲು ಕೊಡಬಹುದೇ?

ಮನೆಯಲ್ಲಿ ಹಾಲು ಧಾರಾಳವಾಗಿರುವ ನಮ್ಮಂಥವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಸುವಿನ ಹಾಲು ಕರುವಿಗಾಗಿ ಆದದ್ದು. ಅದರಲ್ಲಿ ತಾಯಿಯ ಹಾಲಿಗಿಂತ ಸುಮಾರು ಮೂರು ಪಟ್ಟು ಪ್ರೋಟೀನ್ ಇದೆ, ಲವಣಗಳೂ ಹೆಚ್ಚು. ಎಳೆಗೂಸಿನ ಮೂತ್ರಪಿಂಡಗಳಿಗೆ ಇದು ಹೊರೆ. ಕಬ್ಬಿಣದ ಅಂಶ ಕಡಿಮೆಯಿರುವುದರಿಂದ ರಕ್ತಹೀನತೆಯೂ ಬರುತ್ತದೆ. ನೀರು ಬೆರೆಸಿ ಕೊಟ್ಟರೆ ಪೌಷ್ಟಿಕಾಂಶ ಸಾಲದೆ ಮಗು ಸೊರಗುತ್ತದೆ. ಆದ್ದರಿಂದ ಒಂದು ವರ್ಷ ತುಂಬುವವರೆಗೆ ತಾಯಿಯ ಹಾಲಿನ ಬದಲಿಗೆ ಹಸುವಿನ ಹಾಲು ಕೊಡಬೇಡಿ. ತಾಯಿಯ ಹಾಲು ಸಾಲದೆಂದು ಅನ್ನಿಸಿದರೆ, ಅಥವಾ ಸಿಗದಿದ್ದರೆ, ವೈದ್ಯರನ್ನು ಕೇಳಿ ಮುಂದುವರಿಯಿರಿ. ಅವರು ಪುಡಿ ಹಾಲು ಸೂಚಿಸಿದರೆ, ಡಬ್ಬಿಯಲ್ಲಿ ಹೇಳಿದ ಅಳತೆಗಿಂತ ನೀರು ಹೆಚ್ಚಿಸಬಾರದು, ಕಡಿಮೆಯನ್ನೂ ಮಾಡಬಾರದು.

ಆರು ತಿಂಗಳಾದ ಮೇಲೆ

ರಾಗಿ ಸರಿ, ಮೆದುವಾಗಿ ಬೇಯಿಸಿದ ಅನ್ನ ಬೇಳೆ, ಕಿವುಚಿದ ಬಾಳೆಹಣ್ಣು ಆರಂಭಿಸಿದಾಗ ಸಣ್ಣ ಲೋಟದಿಂದ ಎರಡು ಮೂರು ಗುಟುಕು ನೀರು ಕೊಡಿ. ಕ್ರಮೇಣ ಇದನ್ನು ಹೆಚ್ಚಿಸಬಹುದು. ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ ಅರ್ಧ ಲೋಟದಿಂದ ಒಂದು ಲೋಟ ಸಾಕು. ಊಟಕ್ಕೆ ಮುಂಚೆ ನೀರು ಕುಡಿಸಿ ಹೊಟ್ಟೆ ತುಂಬಿಸಬೇಡಿ. ತಾಯಿಯ ಹಾಲನ್ನು ಎರಡು ವರ್ಷ ಮತ್ತು ಅನಂತರವೂ ಮುಂದುವರಿಸಬಹುದು.

ನೀರನ್ನು ಚೆನ್ನಾಗಿ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಫ್ಲೋರೈಡ್ ಮತ್ತು ನೈಟ್ರೇಟ್ ಹೋಗುವುದಿಲ್ಲ. ಕೋಲಾರದಂಥ ಬಯಲುಸೀಮೆಯ ಜಿಲ್ಲೆಗಳಲ್ಲಿ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುತ್ತದೆ. ಕೊಟ್ಟಿಗೆಯ ಗಂಜಲ, ತಿಪ್ಪೆಯ ಸೋರಿಕೆ, ಹೊಲಕ್ಕೆ ಹಾಕಿದ ಯೂರಿಯಾ ಇವುಗಳಿಂದ ಬಾವಿಗೆ ನೈಟ್ರೇಟ್ ಸೇರುತ್ತದೆ. ಅದು ಹೆಚ್ಚಾದರೆ ಎಳೆಗೂಸಿನ ರಕ್ತವು ಆಮ್ಲಜನಕ ಸಾಗಿಸಲಾರದೆ ತುಟಿ, ಉಗುರು ನೀಲಿಯಾಗುತ್ತವೆ. ತಿಪ್ಪೆಯನ್ನು ಬಾವಿಯಿಂದ ದೂರವಿಡಿ. ನೀರನ್ನು ಪರೀಕ್ಷೆ ಮಾಡಿಸಿ, ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಮಗುವಿಗೆ ಅಲ್ಲಿಯ ನೀರನ್ನೇ ತನ್ನಿ.

ಮಗುವಿಗೆ ಹಾಲು ಸಾಕಾಗುತ್ತಿದೆಯೇ?

ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಬಾರಿಯಾದರೂ ತಿಳಿಬಣ್ಣದ ಮೂತ್ರ ಮಾಡುತ್ತಿದ್ದು, ಅಂಗನವಾಡಿಯಲ್ಲಿ ತೂಗಿದಾಗ ತೂಕ ಏರುತ್ತಿದ್ದರೆ ಹಾಲೂ ನೀರೂ ಸಾಕಾಗುತ್ತಿದೆ ಎಂದು ತಿಳಿಯಿರಿ. ಮೂತ್ರ ಕಡಿಮೆಯಾಗಿ, ನೆತ್ತಿ ಗುಳಿಬಿದ್ದು, ಮಗು ಮಂಕಾಗಿದ್ದರೆ ನೀರು ಕುಡಿಸುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆರು ತಿಂಗಳೊಳಗಿನ ಮಗುವಿಗೆ ಭೇದಿಯಾದರೂ ತಾಯಿಯ ಹಾಲು ನಿಲ್ಲಿಸಬಾರದು. ಓ.ಆರ್.ಎಸ್. ದ್ರಾವಣವನ್ನು ವೈದ್ಯರು ಅಥವಾ ಆಶಾ ಕಾರ್ಯಕರ್ತೆ ಹೇಳಿದಷ್ಟು ಕೊಡಿ.

ಈ ವಿಷಯವನ್ನು ಮನೆಯ ಹಿರಿಯರಿಗೂ ಓದಿ ಹೇಳಿ. ಕೂಸಿಗೆ ಒಳಲೆ ಹಿಡಿಯುವವರು ಹೆಚ್ಚಾಗಿ ಅವರೇ. ಆ ಒಳಲೆಯ ನೀರು ಆರು ತಿಂಗಳು ತಡೆದರೆ ಮಗುವಿಗೆ ಕ್ಷೇಮ.