ಆನ್ ಮಾಡಿದಾಗ ವಿಂಡೋಸೋ ಉಬುಂಟುವೋ: ತೀರ್ಮಾನ ಎಲ್ಲಿದೆ?

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡನ್ನೂ ಇಟ್ಟುಕೊಂಡವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಕೊನೆಗೆ ಯಾವುದನ್ನು ಹಾಕಿದೆವೋ ಅದೇ ಯಜಮಾನ, ಆನ್ ಮಾಡಿದಾಗ ತಾನಾಗಿ ತೆರೆದುಕೊಳ್ಳುವುದೂ ಅದೇ. ಬದಲಿಸಬೇಕೆಂದರೆ ಇನ್ನೊಂದನ್ನು ಹೊಸದಾಗಿ ಹಾಕಬೇಕು, ಇಲ್ಲವೇ ಎಲ್ಲವನ್ನೂ ಫಾರ್ಮ್ಯಾಟ್ ಮಾಡಬೇಕು ಎಂಬುದು ಆ ನಂಬಿಕೆ. ಮಗಳು ಪ್ರೋಗ್ರಾಮಿಂಗ್ ಕಲಿಯಲೆಂದು ಉಬುಂಟು ಹಾಕಿಕೊಂಡರೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವ, ನುಡಿಯಲ್ಲಿ ಟೈಪ್ ಮಾಡುವ ಅಪ್ಪ ಅಂದಿನಿಂದ ಪ್ರತಿ ಬೆಳಿಗ್ಗೆ ಆಯ್ಕೆಯ ಮೆನು ಮಾಯವಾಗುವ ಮೊದಲೇ ಬಾಣದ ಕೀ ಒತ್ತಲು ಕಾದು ಕೂರಬೇಕು. ಇದು ತಪ್ಪದ ಕಷ್ಟ ಎಂದೇ ಇಬ್ಬರೂ ಒಪ್ಪಿಕೊಂಡಿರುತ್ತಾರೆ. ವಾಸ್ತವ ಹಾಗಿಲ್ಲ. ಯಾವುದು ಮೊದಲು ತೆರೆಯಬೇಕು ಎಂಬುದು ಕೆಲವೇ ಅಕ್ಷರಗಳ ಒಂದು ದಾಖಲೆ. ಅದನ್ನು ಬದಲಿಸಿದರೆ ನಿಮ್ಮ ಫೈಲುಗಳಲ್ಲಿ ಒಂದಕ್ಷರವೂ ಕದಲುವುದಿಲ್ಲ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದಾದರೂ ಹೇಗೆ? ಒಂದು ಕಾಲದಲ್ಲಿ ಇದು ಬಹುಮಟ್ಟಿಗೆ ನಿಜವೇ ಆಗಿತ್ತು. ಹಳೆಯ ಬಯೋಸ್ ಕಂಪ್ಯೂಟರುಗಳು ಹಾರ್ಡ್ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿರುವ ಪುಟ್ಟ ಪ್ರೋಗ್ರಾಮಿಗೆ ಅಧಿಕಾರ ಒಪ್ಪಿಸುತ್ತಿದ್ದವು. ಅದರಲ್ಲೂ ಪಾರ್ಟಿಷನ್‌ಗಳ ಪಟ್ಟಿಗೆ ಜಾಗ ಹೋಗಿ ಪ್ರೋಗ್ರಾಮಿಗೆ ಉಳಿಯುತ್ತಿದ್ದುದು 446 ಬೈಟು ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಒಬ್ಬರಿಗಷ್ಟೇ ಇರಲು ಸಾಧ್ಯ. ಹಾಗಾಗಿ ಉಬುಂಟು ಹಾಕಿದ ಮೇಲೆ ವಿಂಡೋಸ್ ಹಾಕಿದರೆ ಅದು ಲಿನಕ್ಸಿನ ಬೂಟ್ ಪ್ರೋಗ್ರಾಮನ್ನು ಅಳಿಸಿ ತನ್ನದನ್ನು ಬರೆದುಕೊಳ್ಳುತ್ತಿತ್ತು. ಉಬುಂಟು ಕಾಣೆಯಾದಂತೆ ತೋರುತ್ತಿತ್ತು. ಆಗಲೂ ಅಳಿಯುತ್ತಿದ್ದುದು ದಾರಿ ತೋರಿಸುವ ಆ ತುಣುಕು ಮಾತ್ರ, ಉಬುಂಟುವಿನ ಪಾರ್ಟಿಷನ್ ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ, ಚೆನ್ನಾಗಿಯೇ ಇದ್ದ ಸಿಸ್ಟಮ್ಮನ್ನು ಅಳಿಸಿ ಮತ್ತೆ ಹಾಕುವ ರೂಢಿ ಬೆಳೆಯಿತು.

2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಹೊಸ ಲ್ಯಾಪ್‌ಟಾಪುಗಳು ಯುಇಎಫ್‌ಐ ಎಂಬ ವ್ಯವಸ್ಥೆಗೆ ಹೊರಳಿದವು. ಇಲ್ಲಿ ಜಾಗಕ್ಕಾಗಿ ಜಗಳವಿಲ್ಲ. ಡಿಸ್ಕಿನಲ್ಲಿ ಬೂಟ್ ಫೈಲುಗಳಿಗೆಂದೇ ಒಂದು ಸಣ್ಣ ಪಾರ್ಟಿಷನ್ ಇರುತ್ತದೆ. ಅದರಲ್ಲಿ ಮೈಕ್ರೋಸಾಫ್ಟಿಗೆ ಒಂದು ಫೋಲ್ಡರು, ಉಬುಂಟುವಿಗೆ ಇನ್ನೊಂದು. ಯಾವುದನ್ನು ಮೊದಲು ಕರೆಯಬೇಕು ಎಂಬ ಸರದಿ ಮದರ್‌ಬೋರ್ಡಿನ ನೆನಪಿನಲ್ಲಿ ಇರುತ್ತದೆ. ಅದಕ್ಕೆ ಬೂಟ್ ಆರ್ಡರ್ ಎನ್ನುತ್ತಾರೆ. ಸರದಿಯಲ್ಲಿ ಉಬುಂಟು ಮೊದಲಿದ್ದರೆ ಗ್ರಬ್ ಎಂಬ ಮೆನು ಬರುತ್ತದೆ, ಆ ಮೆನುವಿಗೆ ತನ್ನದೇ ಆದ ಎರಡನೆಯ ಪಟ್ಟಿಯಿದೆ. ಅಂದರೆ ತೀರ್ಮಾನ ಎರಡು ಹಂತಗಳಲ್ಲಿ ಆಗುತ್ತದೆ. ನನ್ನ ಪ್ರಕಾರ ಗೊಂದಲದ ಬಹುಪಾಲಿಗೆ ಮೂಲ, ಈ ಎರಡು ಪಟ್ಟಿಗಳನ್ನು ಒಂದೇ ಎಂದು ತಿಳಿಯುವುದು.

ಇದಕ್ಕೆ ಒಳ್ಳೆಯ ಉದಾಹರಣೆ ವಿಂಡೋಸಿನ ಎಂಎಸ್‌ಕಾನ್ಫಿಗ್. ಅದರ ಬೂಟ್ ವಿಭಾಗದಲ್ಲಿ 'ಡಿಫಾಲ್ಟ್ ಆಗಿ ಇಡು' ಎಂಬ ಬಟನ್ ಇದೆ, ಆದ್ದರಿಂದ ಕೆಲಸ ಅಲ್ಲೇ ಮುಗಿಯುತ್ತದೆ ಎಂದು ಹಲವರು ಹೇಳುತ್ತಾರೆ. ಎರಡು ವಿಂಡೋಸ್ ಇರುವ ಯಂತ್ರದಲ್ಲಿ ಅದು ಸರಿ. ಆದರೆ ವಿಂಡೋಸಿನ ಪಟ್ಟಿಗೆ ಸಾಮಾನ್ಯವಾಗಿ ಉಬುಂಟು ಸೇರಿರುವುದೇ ಇಲ್ಲ, ಇಲ್ಲದ ಹೆಸರನ್ನು ಅಲ್ಲಿಂದ ಆರಿಸಲಾಗದು. ಗ್ರಬ್ ಮೆನು ಬರುವ ಕಂಪ್ಯೂಟರಿನಲ್ಲಿ ಬದಲಿಸಬೇಕಾದದ್ದು ಉಬುಂಟುವಿನ ಒಂದು ಸೆಟ್ಟಿಂಗ್ ಫೈಲನ್ನು. ಅದರಲ್ಲಿ ಗ್ರಬ್ ಡಿಫಾಲ್ಟ್ ಎಂಬ ಸಾಲಿನ ಮುಂದೆ ಸೊನ್ನೆ ಇರುತ್ತದೆ. ಎಣಿಕೆ ಶುರುವಾಗುವುದೇ ಸೊನ್ನೆಯಿಂದ, ಹಾಗಾಗಿ ಸೊನ್ನೆ ಎಂದರೆ ಮೆನುವಿನ ಮೊದಲ ಸಾಲು. ವಿಂಡೋಸ್ ಮೂರನೆಯ ಸಾಲಿನಲ್ಲಿದ್ದರೆ 2 ಎಂದು ಬರೆಯಬೇಕು. 3 ಎಂದು ಬರೆದು, ಬೇರೇನೋ ತೆರೆದಾಗ ಇದು ಕೆಲಸ ಮಾಡುವುದಿಲ್ಲ ಎಂದು ಕೈಬಿಡುವವರಿದ್ದಾರೆ. ಫೈಲು ಉಳಿಸಿದ ಮೇಲೆ ಅಪ್‌ಡೇಟ್-ಗ್ರಬ್ ಎಂಬ ಆಜ್ಞೆ ಕೊಡದಿದ್ದರೆ ಏನೂ ಬದಲಾಗದು. ಏಕೆಂದರೆ ಆನ್ ಆಗುವಾಗ ಗ್ರಬ್ ಓದುವುದು ಈ ಫೈಲನ್ನಲ್ಲ, ಅದರಿಂದ ತಯಾರಾಗುವ ಇನ್ನೊಂದನ್ನು. ಸಂಖ್ಯೆಗಿಂತ ಮೆನುವಿನಲ್ಲಿ ಕಾಣುವ ಹೆಸರನ್ನೇ ಉದ್ಧರಣ ಚಿಹ್ನೆಯೊಳಗೆ ಬರೆಯುವುದು ಮೇಲು; ಮೆನುವಿಗೆ ಹೊಸ ಸಾಲು ಸೇರಿದರೆ ಸಂಖ್ಯೆ ತಪ್ಪುತ್ತದೆ, ಹೆಸರು ತಪ್ಪುವುದಿಲ್ಲ. ಅಪ್ಪ ಮಗಳು ಇಬ್ಬರೂ ಬಳಸುವ ಕಂಪ್ಯೂಟರಿಗೆ ಸೇವ್ಡ್ ಎಂಬ ಮೂರನೆಯ ದಾರಿಯೂ ಇದೆ. ಸೇವ್‌ಡಿಫಾಲ್ಟ್ ಎಂಬ ಇನ್ನೊಂದು ಸಾಲನ್ನು ಅದರ ಜೊತೆ ಸೇರಿಸಿದರೆ, ಕಳೆದ ಬಾರಿ ಆರಿಸಿದ್ದೇ ಮುಂದಿನ ಬಾರಿಯ ಡಿಫಾಲ್ಟ್ ಆಗುತ್ತದೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಅಪ್‌ಡೇಟುಗಳದ್ದು. ಎಷ್ಟು ಸರಿಪಡಿಸಿದರೂ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಉಬುಂಟು ಹೋಗಿಬಿಡುತ್ತದಲ್ಲ, ಕೊನೆಗೂ ವಿಂಡೋಸೇ ಯಜಮಾನ ಅಲ್ಲವೇ ಎಂದು ಕೇಳುತ್ತಾರೆ. ದೊಡ್ಡ ಅಪ್‌ಡೇಟಿನ ನಂತರ ಸರದಿಯಲ್ಲಿ ವಿಂಡೋಸ್ ಮೊದಲಿಗೆ ಬಂದು ನಿಲ್ಲುವುದುಂಟು, ನಿಜ. ಆದರೆ ಉಬುಂಟುವಿನ ಫೋಲ್ಡರು ಇದ್ದಲ್ಲೇ ಇರುತ್ತದೆ. ಆನ್ ಮಾಡಿದೊಡನೆ ಎಫ್2 ಅಥವಾ ತಯಾರಕರು ಸೂಚಿಸಿದ ಕೀ ಒತ್ತಿ ಸರದಿಯನ್ನು ಹಿಂದಿನಂತೆ ಮಾಡಿದರೆ ಸಾಕು. 2024ರ ಆಗಸ್ಟ್‌ನ ಪ್ರಸಂಗ ಇದಕ್ಕಿಂತ ಕಠಿಣವಾಗಿತ್ತು. ಆ ತಿಂಗಳ ವಿಂಡೋಸ್ ಅಪ್‌ಡೇಟ್ ಹಳೆಯ ಲಿನಕ್ಸ್ ಬೂಟ್ ಫೈಲುಗಳನ್ನು ತಡೆಯುವ ಭದ್ರತಾ ನಿಯಮವೊಂದನ್ನು ತಂದಿತು. ಎರಡು ಸಿಸ್ಟಮ್ ಇರುವ ಯಂತ್ರಗಳಿಗೆ ಅದು ತಗುಲಬಾರದಿತ್ತು, ತಗುಲಿತು. ನಂಬಿಕಸ್ಥ ಬೂಟ್ ಫೈಲುಗಳನ್ನಷ್ಟೇ ಒಪ್ಪುವ ಸೆಕ್ಯೂರ್ ಬೂಟ್ ಆನ್ ಇದ್ದ ಅನೇಕ ಕಂಪ್ಯೂಟರುಗಳಲ್ಲಿ ಲಿನಕ್ಸ್ ಏಳಲಿಲ್ಲ. ಅಲ್ಲೂ ಮಾಹಿತಿ ನಾಶವಾಗಿರಲಿಲ್ಲ. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸಿನೊಳಗಿಂದ ಆ ನಿಯಮವನ್ನು ತೆಗೆದವರು ತಮ್ಮ ಫೈಲುಗಳನ್ನು ಹಾಗೆಯೇ ಕಂಡರು. ಗಾಬರಿಯಿಂದ ಫಾರ್ಮ್ಯಾಟ್ ಮಾಡಿದ್ದರೆ ಮಾತ್ರ ನಷ್ಟ. ತದ್ವಿರುದ್ಧ ದಿಕ್ಕಿನ ಗಾಬರಿಯೂ ಇದೆ: 2021ರ ಗ್ರಬ್ 2.06 ಆವೃತ್ತಿಯಿಂದ, ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಕೆಲಸ ಡಿಫಾಲ್ಟ್ ಆಗಿ ಬಂದ್ ಆಗಿದೆ. ಹಾಗಾಗಿ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಅದು ಅಳಿದುಹೋಗಿದೆ ಎಂದಲ್ಲ, ಗ್ರಬ್ ಅದನ್ನು ಹುಡುಕಿಲ್ಲ ಎಂದಷ್ಟೇ.

ಡಿಫಾಲ್ಟ್ ಆದದ್ದು ವೇಗವಾಗಿ ಓಡುತ್ತದೆ, ಇನ್ನೊಂದು ಸೊರಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಒಮ್ಮೆಗೆ ಓಡುವುದು ಒಂದೇ, ಅದಕ್ಕೆ ಇಡೀ ಯಂತ್ರ ಸಿಗುತ್ತದೆ. ಡಿಫಾಲ್ಟ್ ಬದಲಿಸಿದ ಮೇಲೆ ಗಡಿಯಾರ ಕೆಟ್ಟಿತು ಎಂಬ ದೂರಿಗೆ ಮಾತ್ರ ನಿಜವಾದ ಕಾರಣವಿದೆ, ಆದರೆ ಕಾರಣ ಡಿಫಾಲ್ಟ್ ಅಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಪ್ರಮಾಣ ವೇಳೆಯನ್ನು ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ವೇಳೆ ಎಂದು ಓದುತ್ತದೆ. ನಮ್ಮಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ವಿಂಡೋಸ್ 4.30 ತೋರಿಸುತ್ತದೆ, ಭಾರತದ ಐದೂವರೆ ಗಂಟೆಯ ಅಂತರ ಸರಿಯಾಗಿ ಅಲ್ಲಿ ಕಾಣಿಸಿಕೊಳ್ಳುತ್ತದೆ. ಎರಡರಲ್ಲಿ ಒಂದಕ್ಕೆ ಇನ್ನೊಂದರ ಪದ್ಧತಿ ಹೇಳಿಕೊಟ್ಟರೆ ತೊಂದರೆ ಮುಗಿಯಿತು.

ಒಂದು ಎಚ್ಚರಿಕೆಯನ್ನಂತೂ ಹಗುರವಾಗಿ ತೆಗೆದುಕೊಳ್ಳಬಾರದು. ವಿಂಡೋಸಿನಲ್ಲಿ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಬೂಟ್ ಸರದಿ ಅಥವಾ ಸೆಕ್ಯೂರ್ ಬೂಟ್ ಬದಲಿಸಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಕೈಯಲ್ಲಿಲ್ಲದಿದ್ದರೆ ಡಿಸ್ಕಿನಲ್ಲಿ ಎಲ್ಲ ಇದ್ದೂ ತೆರೆಯಲಾಗದು. ಆದ್ದರಿಂದ ಮೊದಲು ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ಸರದಿ ಮುಟ್ಟಿ. ಇನ್ನು ರಿಪೇರಿ ಅಂಗಡಿಯಲ್ಲಿ ಯಾರಾದರೂ ಫಾರ್ಮ್ಯಾಟ್ ಮಾಡಿದರೇ ಸರಿಹೋಗುವುದು ಎಂದರೆ, ಬೂಟ್ ಆರ್ಡರ್ ತೆರೆದು ತೋರಿಸಿ ಎಂದು ಕೇಳಿ. ಆ ಪಟ್ಟಿಯಲ್ಲಿ ಎರಡೂ ಹೆಸರು ಕಂಡರೆ ಫಾರ್ಮ್ಯಾಟ್ ಮಾಡಲು ಒಪ್ಪಬೇಡಿ.